‘ಗಟ್ಟಿ ಜೀವ’ ಎಂಬ ಹೊಗಳಿಕೆಯ ಮೋಸ

“ಕಷ್ಟದಲ್ಲಿ ಬೆಳೆದ ಹುಡುಗನೇ ಗಟ್ಟಿಯಾಗುತ್ತಾನೆ, ಈಗಿನವರಿಗೆ ಕಷ್ಟವೆಂದರೇನೆಂಬುದೇ ಗೊತ್ತಿಲ್ಲ, ಅದಕ್ಕೇ ಸಣ್ಣ ಮಾತಿಗೆ ಮನಸ್ಸು ಮುರಿದುಕೊಳ್ಳುತ್ತಾರೆ” — ಈ ಉಪದೇಶವನ್ನು ನಮ್ಮ ಕಡೆಯ ಯಾವ ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ ಬೇಕಾದರೂ ಕೇಳಬಹುದು. ಹಾರ ಹಾಕಿಸಿಕೊಂಡ ಅತಿಥಿಗಳು ಹೇಳುತ್ತಾರೆ, ಅವರ ಮಗ್ಗುಲಿಗೆ ಕುಳಿತ ಆಡಳಿತ ಮಂಡಳಿಯವರು ತಲೆದೂಗುತ್ತಾರೆ, ಎದುರಿಗೆ ಕುಳಿತ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ ಅಂದು ಮುಂಜಾನೆ ಬರಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದವರೆಂಬುದನ್ನು ಮಾತ್ರ ವೇದಿಕೆಯ ಮೇಲಿನವರು ಯಾರೂ ಕೇಳುವುದಿಲ್ಲ.

ಈ ಮಾತು ಸುಳ್ಳೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಬರಿಯ ಸುಳ್ಳಾಗಿದ್ದರೆ ನಗುತ್ತ ಬಿಡಬಹುದಾಗಿತ್ತು. ಆದರೆ ಇದು ಕೆಲವರಿಗೆ ಬಹಳ ಅನುಕೂಲವಾದ ಸುಳ್ಳು. “ನಿನ್ನದು ಗಟ್ಟಿ ಜೀವ, ತಾಳಿಕೋ” ಎಂದು ಬೆನ್ನು ಚಪ್ಪರಿಸಿದರೆ ವಿದ್ಯಾರ್ಥಿವೇತನವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕಾದ ಜವಾಬ್ದಾರಿ ತಪ್ಪುತ್ತದೆ. ವಸತಿ ನಿಲಯ ಕಟ್ಟುವ ಖರ್ಚು ತಪ್ಪುತ್ತದೆ. ಮನಸ್ಸಿನ ವೈದ್ಯರನ್ನು ನೇಮಿಸುವ ಗೊಡವೆಯೂ ತಪ್ಪುತ್ತದೆ. ತಾಳಿಕೊಂಡವನು ತಾಳಿಕೊಂಡ, ತಾಳಿಕೊಳ್ಳದವನು ತನ್ನ ದೌರ್ಬಲ್ಯದಿಂದ ಕೆಟ್ಟ. ಸಮಾಜದ ಲೆಕ್ಕದ ಪುಸ್ತಕದಲ್ಲಿ ಯಾರ ಹೆಸರಿನಲ್ಲಿಯೂ ಬಾಕಿ ಉಳಿಯುವುದಿಲ್ಲ. ಎಷ್ಟು ಸಲೀಸಾದ ವ್ಯವಸ್ಥೆ!

ಗದಗ ತಾಲೂಕಿನ ನಮ್ಮ ಅಸುಂಡಿಯಂಥ ಊರಿನಿಂದ ಕಾಲೇಜಿಗೆ ಹೋಗುವ ಒಬ್ಬ ಹುಡುಗನ ಬಾಲ್ಯವನ್ನು ಲೆಕ್ಕ ಹಾಕಿ ನೋಡಿರಿ. ಇಂಥವನ ಮಗನೆಂದು ಹೆಸರು ಹೇಳುವುದು ಬೇಡ. ಪಂಚಾಂಗದ ವರ್ಷಗಳನ್ನಷ್ಟೇ ಎಣಿಸೋಣ. 2025ರಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ 2019-20ರಲ್ಲಿ ಏಳನೆಯ ಇಯತ್ತೆಯಲ್ಲಿದ್ದ. ಆ ವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲೂಕುಗಳ ಹಳ್ಳಿಗಳು ನೀರಲ್ಲಿ ನಿಂತವು. ಅವನ ಸೋದರಮಾವನ ಊರು ಆ ಕಡೆಗಿದ್ದರೆ ಮನೆ ಬಿದ್ದವರು ಬಂದು ಇವನ ಮನೆಯಲ್ಲಿ ಉಳಿದಿದ್ದಾರು. ವರ್ಷ ಮುಗಿಯುವುದರೊಳಗೆ, 2020ರ ಮಾರ್ಚಿನಲ್ಲಿ, ಕೊರೋನಾ ಬಂದು ಸಾಲೆಗೆ ಕೀಲಿ ಬಿತ್ತು. ಅದರೊಂದಿಗೆ ಮಧ್ಯಾಹ್ನದ ಬಿಸಿಯೂಟವೂ ನಿಂತಿತು. ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದ ಅಪ್ಪ ಕೆಲಸವಿಲ್ಲದೆ ಊರಿಗೆ ತಿರುಗಿದ. ಎಂಟನೆಯ ಇಯತ್ತೆ ಎಂಬುದು ಆ ಹುಡುಗನಿಗೆ ಹೆಸರಿಗಷ್ಟೇ ಆಯಿತು. ಮೊಬೈಲು ಇದ್ದವನು ಪಾಠ ಕೇಳಿದ, ಇಲ್ಲದವನು ದನ ಕಾಯ್ದ, ಕಳೆ ತೆಗೆದ, ಹತ್ತಿ ಬಿಡಿಸಿದ. ಒಂಬತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ, 2021ರ ಆಗಸ್ಟಿನ ಕೊನೆಗೆ, ತರಗತಿಗಳು ಮತ್ತೆ ನೆಟ್ಟಗೆ ಕೂಡಿದವು. ಮುಂದೆ ಪಿ.ಯು. ಮೊದಲ ವರ್ಷಕ್ಕೆ ಕಾಲಿಟ್ಟಾಗ 2023ರ ಬರ ಬಂದಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವೇ ಸಾರಿತು. ಹೆಸರು, ಶೇಂಗಾ, ಉಳ್ಳಾಗಡ್ಡಿ ನಂಬಿದ ಎರೆಹೊಲದ ಮನೆಗಳಲ್ಲಿ ಆ ವರ್ಷ ಸಾಲದ ಮೇಲೆ ಸಾಲ ಬೆಳೆಯಿತು.

ಇದೆಲ್ಲ ಮನೆಯ ಹೊರಗಿನ ಕಥೆ. ಮನೆಯ ಒಳಗಿನದು ಬೇರೆಯೇ ಇದೆ. ಸಾಲಗಾರ ಬಾಗಿಲಿಗೆ ಬಂದು ನಿಂತಾಗ ಅಪ್ಪ ಹಿತ್ತಲಿನಿಂದ ಜಾರಿದ್ದನ್ನು ಕಂಡವನು ಹುಡುಗ. “ಅಪ್ಪ ಮನೆಯಲ್ಲಿಲ್ಲ” ಎಂಬ ಸುಳ್ಳನ್ನು ಹೇಳಬೇಕಾದವನೂ ಅವನೇ. ರಾತ್ರಿ ಕುಡಿದು ಬಂದ ಗಂಡಸು ಹೆಂಗಸಿನ ಮೇಲೆ ಕೈ ಮಾಡಿದಾಗ ಕೌದಿಯೊಳಗೆ ಉಸಿರು ಬಿಗಿಹಿಡಿದು ಮಲಗಿದವರು ಮಕ್ಕಳು. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ತಾಯಿತಂದೆ ಗುಳೆ ಹೋದ ಮೇಲೆ ತಿಂಗಳಾನುಗಟ್ಟಲೆ ಅಜ್ಜಿಯ ಕೂಡ, ಕೆಲವೊಮ್ಮೆ ಒಂದೆರಡು ವರ್ಷ ದೊಡ್ಡವಳಾದ ಅಕ್ಕನ ಕೂಡ ಉಳಿದ ಮಕ್ಕಳಿದ್ದಾರೆ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಓದುವ ವಯಸ್ಸಿಗೆ ಕಂಡಿಕೆ ಸುತ್ತಿದ ಕೈಗಳಿವೆ. ಊರ ಕೊನೆಯ ಕೇರಿಯಿಂದ ಬಂದ ಹುಡುಗನಿಗೆ ಸಾಲೆಯ ನೀರಿನ ಗಡಿಗೆಯ ಹತ್ತಿರ ಕಲಿಸಿದ ಮೊದಲ ಪಾಠ ಯಾವುದೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕೆ? ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಮದುವೆಯ ಮಾತು ಕೇಳಿ ನಿದ್ದೆಗೆಟ್ಟ ಹೆಣ್ಣುಮಕ್ಕಳು ಎಷ್ಟಿಲ್ಲ? ನಾವು ಹಳ್ಳಿಯ ಸಾಲೆಯಲ್ಲಿ ಖಡು ಹಿಡಿದು ನಿಂತವರು. ಹಾಜರಿಯಲ್ಲಿ ಹೆಸರು ಕೂಗಿದಾಗ ಕೇಳುವ “ಹಾಜರ್” ಎಂಬ ಒಂದು ಶಬ್ದದ ಹಿಂದೆ ಎಂಥೆಂಥ ರಾತ್ರಿಗಳಿರುತ್ತವೆಂಬುದು ಮಾಸ್ತರಿಕೆ ಮಾಡಿದವರಿಗೆಲ್ಲ ಗೊತ್ತು.

ಈಗ ಹೇಳಿರಿ: ಈ ಹುಡುಗರಿಗೆ ಕಷ್ಟ ಗೊತ್ತಿಲ್ಲವೇ?

“ಬಾಲ್ಯದ ನೋವು ಬೆಳೆದಂತೆ ಮರೆಯುತ್ತದೆ” ಎನ್ನುವವರಿಗೆ ವಿಜ್ಞಾನ ಬೇರೆ ಉತ್ತರ ಕೊಟ್ಟಿದೆ. ಅಮೆರಿಕದ ಸ್ಯಾನ್ ಡಿಯಾಗೋ ಪಟ್ಟಣದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ಇಬ್ಬರು ವೈದ್ಯರ ಮುಂದಾಳುತನದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 1998ರಲ್ಲಿ ಅದರ ಮೊದಲ ವರದಿ ಹೊರಬಿತ್ತು. ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಕುರಿತು ಕೇಳಲಾಯಿತು: ಮನೆಯಲ್ಲಿ ಹೊಡೆತ, ಬೈಗುಳ, ಲೈಂಗಿಕ ಅತ್ಯಾಚಾರವಿತ್ತೇ? ತಾಯಿಯನ್ನು ಹೊಡೆಯುತ್ತಿದ್ದರೇ? ಕುಡುಕರಿದ್ದರೇ? ಮನೋರೋಗಿಗಳಿದ್ದರೇ? ಸೆರೆಮನೆಗೆ ಹೋದವರಿದ್ದರೇ? ಮೊದಲು ಏಳು ಬಗೆಗಳಿದ್ದ ಪಟ್ಟಿ ಆಮೇಲೆ ಹತ್ತಾಯಿತು. ನಾಲ್ಕು ಇಲ್ಲವೆ ಅದಕ್ಕೂ ಹೆಚ್ಚು ಬಗೆಯ ಸಂಕಟ ಉಂಡವರಲ್ಲಿ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯವು ಯಾವ ಸಂಕಟವೂ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಹೊರೆ ಏರಿದಂತೆ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುವುದಾಗಿದ್ದರೆ ಲೆಕ್ಕ ತಿರುವುಮುರುವಾಗಿ ಬರಬೇಕಿತ್ತು.

ಇದರ ಕಾರಣ ದೇಹದಲ್ಲಿಯೇ ಇದೆ. ಅಪಾಯ ಎದುರಿಗೆ ಬಂದಾಗ ಎದೆ ಬಡಿದುಕೊಳ್ಳುವುದು, ಕಣ್ಣು ಕಿವಿ ಚುರುಕಾಗುವುದು ಪ್ರಾಣಿಸಹಜ. ಅಪಾಯ ಹೋದ ಮೇಲೆ ದೇಹ ಮತ್ತೆ ತಣ್ಣಗಾಗಬೇಕು. ಆದರೆ ಅಪಾಯ ಮನೆಯಲ್ಲೇ ಇದ್ದರೆ, ದಿನವೂ ಸಂಜೆ ಏಳಕ್ಕೆ ಬರುವುದಿದ್ದರೆ, ಕೂಸಿನ ದೇಹ ತಣ್ಣಗಾಗುವುದನ್ನೇ ಕಲಿಯುವುದಿಲ್ಲ. ಅಂಥವನು ದೊಡ್ಡವನಾಗಿ ಕಾಲೇಜಿನ ಖೋಲಿಯಲ್ಲಿ ಮಲಗಿದಾಗಲೂ ಬಾಗಿಲು ಸದ್ದಾದರೆ ಬೆಚ್ಚಿ ಏಳುತ್ತಾನೆ; ಪಾಠದಲ್ಲಿ ಲಕ್ಷ್ಯ ನಿಲ್ಲುವುದಿಲ್ಲ; ಪ್ರಾಧ್ಯಾಪಕರು ಏರಿದ ದನಿಯಲ್ಲಿ ಹೆಸರು ಕೂಗಿದರೆ ಬಾಯಿ ಕಟ್ಟುತ್ತದೆ. ಹಾಜರಿ ಪುಸ್ತಕದಲ್ಲಿ ಅವನಿಗೆ ‘ಸೋಮಾರಿ’, ‘ದಡ್ಡ’, ‘ಉಡಾಳ’ ಎಂಬ ಬಿರುದುಗಳು ಕಾಯ್ದಿರುತ್ತವೆ.

ಆ ಅಮೆರಿಕದ ಪಟ್ಟಿಗೂ ಒಂದು ಕೊರತೆಯಿದೆಯೆಂಬುದನ್ನು ಹೇಳದೆ ಬಿಡಲಾರೆವು. ಆ ಪ್ರಶ್ನೆಗಳೆಲ್ಲ ಮನೆಯ ಹೊಸ್ತಿಲಿನೊಳಗೆ ನಿಂತವು. ಬಣ್ಣಭೇದದ ಪ್ರಶ್ನೆ ಅದರಲ್ಲಿಲ್ಲ. ಜಪ್ತಿ, ಬರ, ಜಾತಿ, ಗುಳೆ ಇವೆಲ್ಲ ಆ ವೈದ್ಯರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಕೇಳಿದ್ದು ಬಹುತೇಕ ವಿಮೆಯುಳ್ಳ ಮಧ್ಯಮ ವರ್ಗದವರನ್ನು. ಎಲ್ಲ ತಪ್ಪೂ ತಂದೆತಾಯಿಯದೇ ಎಂಬಂತೆ ಕಾಣುವ ಈ ಪಟ್ಟಿಯನ್ನು ನಮ್ಮ ಊರಿಗೆ ತಂದರೆ ಅರ್ಧ ಸತ್ಯವಷ್ಟೇ ತಿಳಿದೀತು. ಕುಡಿದು ಹೊಡೆಯುವ ತಂದೆಯನ್ನು ನಾವು ಸಮರ್ಥಿಸುವುದಿಲ್ಲ. ಬಡತನ ಯಾರ ಕೈಗೂ ಬಡಿಗೆ ಕೊಟ್ಟು ಹೆಂಡತಿಯನ್ನು ಹೊಡಿ ಎನ್ನುವುದಿಲ್ಲ. ಆದರೆ ನಾಲ್ಕು ವರ್ಷ ಮಳೆಗೆ ಕಾಯ್ದು, ಐದನೆಯ ವರ್ಷ ಬೆಲೆಗೆ ಕಾಯ್ದು, ಸಾಲದವನ ಕಾಲಿಗೆ ಬಿದ್ದ ಮನುಷ್ಯನ ಮನೆಯಲ್ಲಿ ಶಾಂತಿ ಹೇಗೆ ನೆಲೆಸೀತು ಎಂಬುದನ್ನೂ ಕೇಳಬೇಕು. ಹೊಸ್ತಿಲಿನ ಒಳಗಿನ ಪಾಪಕ್ಕೆ ಹೊಸ್ತಿಲಿನ ಹೊರಗೆ ಪಾಲುದಾರರಿದ್ದಾರೆ.

“ಹಾಗಾದರೆ ಕಷ್ಟದಿಂದ ಎದ್ದು ಬಂದವರೇ ಇಲ್ಲವೇ?” ಎಂದು ವೇದಿಕೆಯ ಮಹಾಶಯರು ಕೇಳುವರು. ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಅವರು ಎದ್ದು ಬಂದ ಬಗೆಯನ್ನೇ ನೋಡೋಣ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯ್ ಎಂಬುದೊಂದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ವಿದುಷಿ ಹಾಗೂ ಅವರ ಸಂಗಡಿಗರು ದಶಕಗಳವರೆಗೆ ಬೆನ್ನು ಹತ್ತಿ ನೋಡಿದರು. ಬಡತನ, ಮನೆಯ ಕಲಹ, ಕುಡಿತ, ಹೆತ್ತವರ ಮನೋರೋಗ ಇಂಥವು ಹಲವು ಒಟ್ಟಿಗೆ ಬಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಯಾವ ತೊಡಕೂ ಇಲ್ಲದೆ ಸಮರ್ಥರಾಗಿ ಬೆಳೆದರು. ಗಟ್ಟಿತನದ ಭಜನೆ ಮಾಡುವವರು ಇಷ್ಟನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು; ಮುಂದಿನ ಪುಟದಲ್ಲಿ ಎರಡು ಮಾತುಗಳಿವೆ. ಒಂದು: ಆ ಮೂರನೆಯ ಪಾಲಿನ ಮಕ್ಕಳ ಬೆನ್ನಿಗೆ ಯಾರಾದರೂ ಒಬ್ಬರು ಇದ್ದರು. ಅಜ್ಜಿ, ಚಿಕ್ಕಮ್ಮ, ನೆರೆಯವರು, ಸಾಲೆಯ ಮಾಸ್ತರು, ಯಾರೋ ಒಬ್ಬರು ಆ ಕೂಸನ್ನು ‘ನನ್ನದು’ ಎಂದು ಹಿಡಿದಿದ್ದರು. ಮಗುವಿನ ಸ್ವಭಾವವೂ ನೆರವಾಗಿತ್ತು, ನಿಜ. ಆದರೆ ಸ್ವಭಾವವೊಂದೇ ಸಾಕಾಗಿರಲಿಲ್ಲ. ಎರಡನೆಯದು ನಮಗೆ ಇನ್ನೂ ಮುಖ್ಯವಾದುದು: ಹದಿಹರೆಯದಲ್ಲಿ ಹಾದಿ ತಪ್ಪಿದ್ದ ಉಳಿದವರಲ್ಲಿ ಅನೇಕರು ಮೂವತ್ತರ ವಯಸ್ಸಿನ ಹೊತ್ತಿಗೆ ಮತ್ತೆ ನೆಟ್ಟಗಾದರು. ಹಾಗೆ ಅವರಿಗೆ ಎರಡನೆಯ ಅವಕಾಶ ಕೊಟ್ಟ ಬಾಗಿಲುಗಳಲ್ಲಿ ಒಂದು, ಸಾಮಾನ್ಯರಿಗಾಗಿ ತೆರೆದಿದ್ದ ಕಾಲೇಜು.

ವಾಚಕರು ಇದನ್ನು ಲಕ್ಷ್ಯಗೊಟ್ಟು ಗಮನಿಸಬೇಕು. ಬಾಲ್ಯದಲ್ಲಿ ಕಳೆದುದನ್ನು ಮರಳಿ ಗಳಿಸಲು ಮನುಷ್ಯನಿಗೆ ಸಿಗುವ ದೊಡ್ಡ ಅವಕಾಶಗಳಲ್ಲಿ ಕಾಲೇಜು ಒಂದು. ಅದೇ ಕಾಲೇಜು ಅವನನ್ನು ಮತ್ತೊಮ್ಮೆ ಒದ್ದು ಹೊರಗೆ ಹಾಕಿದರೆ ಅವನು ಎಲ್ಲಿಗೆ ಹೋಗಬೇಕು?

ಹವಾಯಿ ದೂರದ ಮಾತಾಯಿತೆನ್ನುವವರು ಗದಗಿನಲ್ಲಿಯೇ ಇರುವ ವೀರೇಶ್ವರ ಪುಣ್ಯಾಶ್ರಮವನ್ನು ನೋಡಲಿ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹಾವೇರಿ ಕಡೆಯ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವರು. ನಮ್ಮ ಉಪದೇಶಕರು ಅವರನ್ನು ‘ಗಟ್ಟಿ ಜೀವ’ದ ಉದಾಹರಣೆಯಾಗಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆದರೆ ಆ ಬಾಲಕನನ್ನು ಸೋದರಮಾವ ಸಾಕಿದ್ದನ್ನೂ, ಪಂಚಾಕ್ಷರಿ ಗವಾಯಿಗಳಂಥ ಗುರುವಿನ ಕೈಗೆ ಒಪ್ಪಿಸಿದ್ದನ್ನೂ ಯಾಕೆ ಮರೆಯುತ್ತಾರೆ? ಆ ಗುರುವೂ ಅಂಧರು. ಅಂಧರಿಗೆ, ಅನಾಥರಿಗೆ ಅನ್ನವಿಕ್ಕಿ, ಮಲಗಲು ಜಾಗ ಕೊಟ್ಟು, ವರ್ಷಾನುಗಟ್ಟಲೆ ಸಂಗೀತ ಕಲಿಸಿ, ಕಲಿತ ವಿದ್ಯೆಯಿಂದ ಹೊಟ್ಟೆ ಹೊರೆಯುವ ಹಾದಿ ತೋರಿಸಿದವರು ಅವರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು 2010ರಲ್ಲಿ ತಾವು ಕಣ್ಮುಚ್ಚುವವರೆಗೂ ಅದೇ ಕೆಲಸವನ್ನು ಮುಂದುವರಿಸಿದರು. ಅಲ್ಲಿ ಯಾವ ಹುಡುಗನಿಗೂ “ತಾಳಿಕೋ” ಎಂದು ಬರಿಗೈಯಲ್ಲಿ ಕಳಿಸಲಿಲ್ಲ. ಊಟ, ವಸತಿ, ಗುರು, ಕೆಲಸ — ಈ ನಾಲ್ಕೂ ಒಂದೇ ಮಾಡಿನ ಕೆಳಗೆ ಇದ್ದವು. ಗಟ್ಟಿತನ ಹುಟ್ಟಿದ್ದು ಆ ನಾಲ್ಕರಿಂದ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರನ್ನು ಕೇಳಿದರೂ ಇದನ್ನೇ ಹೇಳಿಯಾರು.

ಜನರ ಕಾಣಿಕೆಯಿಂದ, ಕಂತೆ ಭಿಕ್ಷೆಯಿಂದ ನಡೆದ ಮಠ ಆಶ್ರಮಗಳು ಮಾಡಿ ತೋರಿಸಿದ್ದನ್ನು ತೆರಿಗೆಯ ಹಣದಿಂದ ನಡೆಯುವ ಸರಕಾರವೂ ವಿಶ್ವವಿದ್ಯಾಲಯಗಳೂ ಯಾಕೆ ಮಾಡಲಾರವು? ಇದು ನಮ್ಮ ನೇರ ಪ್ರಶ್ನೆ.

ಈಗ ಅವು ಮಾಡುತ್ತಿರುವುದೇನು? ಊರು ಬಿಟ್ಟು ಬಂದ ಹುಡುಗನಿಗೆ ಮೊದಲು ಬೇಕಾದುದು ಖೋಲಿ. ಸರಕಾರಿ ವಸತಿ ನಿಲಯದಲ್ಲಿ ಜಾಗ ಸಿಗದಿದ್ದರೆ ನಾಲ್ಕೈದು ಜನ ಕೂಡಿ ತಗಡಿನ ಮಾಡಿನ ಖೋಲಿ ಹಿಡಿಯುತ್ತಾರೆ. ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆ ಬಂದಿತು. ಒಳ್ಳೆಯ ಯೋಜನೆಯೇ, ತಂದವರನ್ನು ನಾವು ಅಭಿನಂದಿಸುತ್ತೇವೆ. ಆದರೆ ಅದು ಆರಂಭವಾದಾಗ ಗೊತ್ತುಮಾಡಿದ ರಕಮು ತಿಂಗಳಿಗೆ 1,500 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ ಆಯಿತು. ಅದರಲ್ಲಿ ಖೋಲಿಯ ಬಾಡಿಗೆ ಕಳೆದು ಎರಡು ಹೊತ್ತಿನ ಊಟ ಯಾವ ಖಾನಾವಳಿಯಲ್ಲಿ ಸಿಗುತ್ತದೆಂಬುದನ್ನು ಆ ಅಂಕಿ ಹಾಕಿದವರೇ ತೋರಿಸಬೇಕು. ಅದೂ ಹೊತ್ತಿಗೆ ಸರಿಯಾಗಿ ಬಂದರೆ ಪುಣ್ಯ. ಅರ್ಜಿ, ಆಧಾರ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆ — ಒಂದರ ಹೆಸರಿನಲ್ಲಿ ಒಂದಕ್ಷರ ಬೇರೆಯಾದರೆ ರೊಕ್ಕ ನಿಂತಿತು. ಹುಡುಗ ತರಗತಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಖಾನಾವಳಿಯವನ ಮುಂದೆ ತಲೆ ತಗ್ಗಿಸುತ್ತಾನೆ. ಹಿಂದೆ ಅಪ್ಪನಿಗಾಗಿ ಸಾಲಗಾರನ ಮುಂದೆ ನಿಂತಿದ್ದ ಹುಡುಗ ಈಗ ತನಗಾಗಿ ನಿಂತಿದ್ದಾನೆ. ಹಳೆಯ ಗಾಯದ ಮೇಲೆ ಹೊಸ ಬರೆ ಬೀಳುವುದು ಹೀಗೆ.

ಹೈದರಾಬಾದ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ರೋಹಿತ ವೇಮುಲ 2016ರ ಜನವರಿ 17ರಂದು ತೀರಿಕೊಂಡಾಗ ದೇಶವೆಲ್ಲ ಮಾತಾಡಿತು. ಆ ದಲಿತ ತರುಣನ ಕೊನೆಯ ಪತ್ರದಲ್ಲಿ ತನ್ನ ಬಾಲ್ಯದ ಒಂಟಿತನ ತನ್ನನ್ನು ಬಿಡಲೇ ಇಲ್ಲವೆಂಬ ಅರ್ಥದ ಮಾತಿತ್ತು. ಅದೇ ಪತ್ರದಲ್ಲಿ ತನಗೆ ಬರಬೇಕಾದ ಏಳು ತಿಂಗಳ ಶಿಷ್ಯವೇತನದ ಬಾಕಿಯ ಲೆಕ್ಕವೂ ಇತ್ತು, 1 ಲಕ್ಷ 75 ಸಾವಿರ ರೂಪಾಯಿ. ಬಾಲ್ಯದ ನೋವು ಒಂದು ಕಡೆಗೆ, ಸಂಸ್ಥೆಯ ಬಾಕಿ ಇನ್ನೊಂದು ಕಡೆಗೆ. ಇವೆರಡೂ ಒಂದೇ ಕಾಗದದ ಮೇಲೆ ಬಂದುದನ್ನು ನೋಡಿದ ಮೇಲೂ “ಮನಸ್ಸಿನ ದೌರ್ಬಲ್ಯ” ಎನ್ನುವವರ ನಾಲಿಗೆಗೆ ಏನೆನ್ನಬೇಕು?

ಅಂಕಿಗಳನ್ನೂ ನೋಡಿರಿ. ರಾಷ್ಟ್ರೀಯ ಅಪರಾಧ ದಾಖಲೆ ಕಚೇರಿಯ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ದಿನಕ್ಕೆ 35 ಜನರಿಗೂ ಹೆಚ್ಚು. ಪತ್ರಿಕೆಗಳು ಪ್ರತಿ ಸಲವೂ ಪರೀಕ್ಷೆಯನ್ನೇ ಕಾರಣವೆನ್ನುತ್ತವೆ. ಆದರೆ ಅದೇ ವರ್ಷ ಪರೀಕ್ಷೆಯಲ್ಲಿ ನಪಾಸಾದುದೇ ಕಾರಣವೆಂದು ದಾಖಲಾದ ಸಾವುಗಳು 2,248. ಹಾಗಾದರೆ ಉಳಿದ ಹತ್ತು ಸಾವಿರಕ್ಕೂ ಮಿಕ್ಕಿದವರನ್ನು ಯಾವುದು ತಿಂದಿತು? ಯಾವ ಒಂದು ಸಾವಿಗೂ ಒಂದೇ ಕಾರಣವಿರುವುದಿಲ್ಲ. ಬಹುಕಾಲದಿಂದ ಏರುತ್ತ ಬಂದ ಹೊರೆಯ ಮೇಲೆ ಕೊನೆಯ ಹುಲ್ಲುಕಡ್ಡಿಯನ್ನಷ್ಟೇ ಜನ ನೋಡುತ್ತಾರೆ.

ಓದು ಮುಗಿದರೂ ಹೊರೆ ಇಳಿಯುವುದಿಲ್ಲ. ನಮ್ಮ ಭಾಗದ ಪದವೀಧರರು ಧಾರವಾಡದ ಖೋಲಿಗಳಲ್ಲಿ ಕುಳಿತು ಸರಕಾರಿ ಪರೀಕ್ಷೆಗಳಿಗೆ ಓದುವುದು ಎಲ್ಲರಿಗೂ ಗೊತ್ತಿದ್ದುದೇ. 545 ಪೋಲೀಸ ಸಬ್ ಇನ್‌ಸ್ಪೆಕ್ಟರ ಹುದ್ದೆಗಳಿಗೆ 2021ರ ಅಕ್ಟೋಬರದಲ್ಲಿ ಪರೀಕ್ಷೆ ನಡೆಯಿತು. ದುಡ್ಡು ಕೊಟ್ಟವರು ಅಂಕ ಕೊಂಡದ್ದು ಹೊರಬಿದ್ದು 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಳ್ಳತನ ಮಾಡಿದವರು ಯಾರೋ, ಎರಡೂಕಾಲು ವರ್ಷ ಖೋಲಿಯ ಬಾಡಿಗೆ ಕಟ್ಟಿ ಕಾಯ್ದವರು ರೈತರ ಮಕ್ಕಳು. “ಕೈ ಕೆಸರಾದರೆ ಬಾಯಿ ಮೊಸರು” ಎಂದು ಸಾಲೆಯಲ್ಲಿ ಕಲಿಸುತ್ತೇವೆ. ಕೆಸರು ಇವರ ಕೈಗೂ ಮೊಸರು ಬೇರೆಯವರ ಬಾಯಿಗೂ ಆದಾಗ ಆ ಹುಡುಗರ ಮನಸ್ಸು ಯಾವುದನ್ನು ನಂಬಬೇಕು?

ಇಷ್ಟಕ್ಕೆಲ್ಲ ಮದ್ದೆಂದು ಕಾಲೇಜುಗಳು ಕಂಡುಕೊಂಡದ್ದು ಒಂದು ದಿನದ ಕಾರ್ಯಾಗಾರ. ಯಾರೋ ಬಂದು ಕಣ್ಣು ಮುಚ್ಚಿ ಉಸಿರಾಡಲು ಹೇಳಿ, ಒಳ್ಳೆಯದನ್ನೇ ಯೋಚಿಸಿರಿ ಎಂದು ಹೇಳಿ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಉಸಿರಾಡುವುದನ್ನು ನಾವು ಹೀಯಾಳಿಸುವುದಿಲ್ಲ. ಅದರಿಂದ ಮನಸ್ಸಿಗೆ ಸಮಾಧಾನವಾಗುವುದುಂಟು. ಆದರೆ ಬೆಳಿಗ್ಗೆಯಿಂದ ಉಣ್ಣದವನಿಗೆ ಉಸಿರಾಟ ಕಲಿಸುವ ಮೊದಲು ಊಟ ಹಾಕುವುದು ಮನುಷ್ಯಧರ್ಮ. ಮಾರನೆಯ ದಿನ ಆ ಹುಡುಗ ಯಾರ ಹತ್ತಿರ ಮಾತಾಡಬೇಕು? ಆ ಬಾಗಿಲು ಇಲ್ಲದಿದ್ದರೆ ಕಾರ್ಯಾಗಾರದ ಫಲವೇನು?

ಬಾಗಿಲು ಇರಲೇಬೇಕೆಂದು ಈಗ ಸುಪ್ರೀಮ್ ಕೋರ್ಟೇ ಹೇಳಿದೆ. ವಿಶಾಖಪಟ್ಟಣದಲ್ಲಿ ತೀರಿಕೊಂಡ ಒಬ್ಬ ಹದಿನೇಳರ ವಿದ್ಯಾರ್ಥಿನಿಯ ಪ್ರಕರಣದಲ್ಲಿ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರನ್ನಾದರೂ ಇಟ್ಟುಕೊಳ್ಳಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಖಾಯಂ ಸಂಬಂಧ ಇಟ್ಟುಕೊಳ್ಳಬೇಕು ಎಂದು ಅದು ವಿಧಿಸಿತು. ಕಾನೂನು ಬರುವವರೆಗೆ ಈ ಮಾರ್ಗಸೂಚಿಗಳೇ ಕಡ್ಡಾಯ. ನಮ್ಮ ಜಿಲ್ಲೆಯ ಪ್ರತಿಯೊಂದು ಪದವಿ ಕಾಲೇಜಿನ ಪ್ರಾಚಾರ್ಯರನ್ನು ನಾವು ಕೇಳುತ್ತೇವೆ: ನಿಮ್ಮಲ್ಲಿ ಆ ಸಮಾಲೋಚಕರು ಯಾರು? ಅವರು ಕೂಡುವ ಖೋಲಿ ಯಾವುದು? ಯಾವ ವಾರ, ಯಾವ ಹೊತ್ತಿಗೆ ಸಿಗುತ್ತಾರೆ? ಇನ್ನೊಂದು ವಿಷಯದ ಪ್ರಾಧ್ಯಾಪಕರ ಕೊರಳಿಗೆ ಈ ಕೆಲಸದ ಫಲಕ ತೂಗುಹಾಕಿ ಕಾಗದ ತುಂಬಿದರೆ ನಾವು ಒಪ್ಪುವುದಿಲ್ಲ.

ಸಾಧನಗಳಿಲ್ಲವೆಂಬ ಮಾತನ್ನು ಕರ್ನಾಟಕದವರಂತೂ ಹೇಳಬಾರದು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಿಂದಿನದು; ಇಂದು ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಡಿಮ್ಹಾನ್ಸ್ ಎಂಬ ಹೆಸರಿನಿಂದ, ಗದಗಿನಿಂದ ಸುಮಾರು 80 ಕಿಲೋಮೀಟರಿನ ಮೇಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶವೇ ಆ ಮಾದರಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಎತ್ತಿಕೊಂಡಿತು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಎಂಬ ವ್ಯವಸ್ಥೆಯನ್ನು ನಮ್ಮ ರಾಜ್ಯ ರೂಪಿಸಿತು. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರದ ಖರ್ಚಿನಿಂದ ನಡೆಯುವ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಹೇಳಿದೆ. 2022ರ ಅಕ್ಟೋಬರದಿಂದ 14416 ಎಂಬ ಪುಕ್ಕಟೆ ಟೆಲಿಮಾನಸ್ ಕರೆಯೂ ಇದೆ, ಕನ್ನಡದಲ್ಲಿಯೇ ಮಾತಾಡಬಹುದು. ಇಷ್ಟಿದ್ದೂ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡುದು, ರೋಗಕ್ಕೆ ತಕ್ಕಂತೆ ನೂರಕ್ಕೆ 70ರಿಂದ 92 ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರೆಂಬುದು. ಔಷಧಕ್ಕೂ ರೋಗಿಗೂ ನಡುವೆ ಹಾದಿಯೇ ಇಲ್ಲ. ಆ ಹಾದಿ ಕಾಲೇಜಿನ ಅಂಗಳದಿಂದ ಹೊರಡಬೇಕು.

ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳುವುದು ಉಳಿದಿದೆ.

“ಶ್ರೀಮಂತರ ಮಕ್ಕಳಿಗೂ ಮನೋರೋಗ ಬರುವುದಿಲ್ಲವೇ? ರೊಕ್ಕ ಕೊಟ್ಟರೆ ಎಲ್ಲ ಸರಿಹೋದೀತೇ?” ಬರುತ್ತದೆ, ಸರಿಹೋಗುವುದಿಲ್ಲ. ಖಿನ್ನತೆ ದೊಡ್ಡ ಮನೆಯ ಬಾಗಿಲನ್ನೂ ತಟ್ಟುತ್ತದೆ. ಅದು ರೋಗ, ಅದಕ್ಕೆ ವೈದ್ಯರೂ ಔಷಧವೂ ಬೇಕು, ಭಾಷಣದಿಂದಾಗಲಿ ಬರಿಯ ವಿದ್ಯಾರ್ಥಿವೇತನದಿಂದಾಗಲಿ ಅದು ಹೋಗದು. ಆದರೆ ದೊಡ್ಡ ಮನೆಯ ಹುಡುಗ ಒಂದು ವರ್ಷ ಓದು ಬಿಟ್ಟು ಮನೆಯಲ್ಲಿ ಕುಳಿತು ಸುಧಾರಿಸಿಕೊಳ್ಳಬಲ್ಲ. ಅಸುಂಡಿಯ ಕೂಲಿಕಾರನ ಮಗ ಒಂದು ವರ್ಷ ಬಿಟ್ಟರೆ ಅವನ ಓದು ಮುಗಿದಂತೆಯೇ. ರೋಗ ಒಂದೇ ಇದ್ದರೂ ಕೆಳಗೆ ಬಿದ್ದಾಗ ಹಿಡಿಯುವ ಕೈ ಒಬ್ಬನಿಗುಂಟು, ಇನ್ನೊಬ್ಬನಿಗಿಲ್ಲ. ನಾವು ಕೇಳುತ್ತಿರುವುದು ಆ ಕೈಯನ್ನು.

“ನೀನು ಬಾಲ್ಯದಲ್ಲಿ ಗಾಯಗೊಂಡವ ಎಂದು ಹೇಳಿದರೆ ಹುಡುಗರು ಇನ್ನಷ್ಟು ಮೆತ್ತಗಾಗುವುದಿಲ್ಲವೇ?” ಈ ಭಯದಲ್ಲಿ ಒಂದಿಷ್ಟು ಸತ್ಯವಿದೆ. ಅಮೆರಿಕದ ಪಟ್ಟಿಯನ್ನು ಹೊಸ ಜಾತಕವಾಗಿ ಮಾಡಿ, ಅಂಕ ಎಣಿಸಿ, “ನಿನ್ನ ಹಣೆಬರಹ ಇಷ್ಟೇ” ಎನ್ನುವುದನ್ನು ನಾವು ಖಂಡಿಸುತ್ತೇವೆ. ಆ ಅಂಕೆಗಳು ಸಾವಿರಾರು ಜನರ ಸರಾಸರಿ. ಒಬ್ಬನ ಭವಿಷ್ಯವನ್ನು ಅವು ಹೇಳಲಾರವು. ಕವಾಯ್ ದ್ವೀಪದ ಮಕ್ಕಳು ತೋರಿಸಿದ್ದೂ ಅದನ್ನೇ: ಮೂವತ್ತರ ವಯಸ್ಸಿಗೂ ಹೊಲ ಹಸಿರಾಗಬಲ್ಲದು. ಆದರೆ ಗಾಯದ ಹೆಸರು ಹೇಳದೆ ಮುಚ್ಚಿಡುವುದರಿಂದ ಯಾರೂ ಗಟ್ಟಿಯಾದದ್ದನ್ನು ನಾವು ಕಂಡಿಲ್ಲ. ಮುಚ್ಚಿಟ್ಟ ಗಾಯ ಕೀವಾಗುತ್ತದೆಂಬುದು ಒಕ್ಕಲುತನದವರೆಲ್ಲ ಎತ್ತಿನ ಹೆಗಲು ನೋಡಿ ಬಲ್ಲ ಸಂಗತಿ. ನೊಗದಿಂದ ಹೆಗಲು ಕೊರೆದ ಎತ್ತಿಗೆ “ನೀನು ಗಟ್ಟಿ” ಎಂದು ಮತ್ತೆ ಹೂಡುವ ರೈತ ನಮ್ಮಲ್ಲಿಲ್ಲ. ಅರಿಶಿನ ಎಣ್ಣೆ ಹಚ್ಚಿ ನಾಲ್ಕು ದಿನ ಬಿಡುತ್ತಾನೆ. ಎತ್ತಿಗೆ ಮಾಡುವಷ್ಟನ್ನು ಮಕ್ಕಳಿಗೂ ಮಾಡೋಣ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಲೆಕ್ಕ ಹಾಕಿ ಇಡುತ್ತೇವೆ. ಮೊದಲನೆಯದಾಗಿ, ವಿದ್ಯಾರ್ಥಿವೇತನ ಮತ್ತು ಊಟದ ಹಣ ತಿಂಗಳ ಮೊದಲ ವಾರದಲ್ಲಿ, ಸರಕಾರಿ ನೌಕರರ ಪಗಾರ ಬರುವ ಹಾಗೆಯೇ ಬರಬೇಕು. ರಕಮನ್ನು ಖಾನಾವಳಿಯ ಈಗಿನ ದರಕ್ಕೆ ಕಟ್ಟಬೇಕು. ಹಣ ಬಾಕಿಯಿರುವಾಗ ಶುಲ್ಕದ ಹೆಸರಿನಲ್ಲಿ ಯಾರ ಹಾಲ್ ಟಿಕೆಟನ್ನೂ ತಡೆಯಬಾರದು. ಎರಡನೆಯದಾಗಿ, ಅರ್ಜಿ ಹಾಕಿದ ಪ್ರತಿಯೊಬ್ಬ ಬಡ ವಿದ್ಯಾರ್ಥಿಗೆ ವಸತಿ ನಿಲಯದಲ್ಲಿ ಜಾಗ ಬೇಕು. ಮೂರನೆಯದಾಗಿ, ಸುಪ್ರೀಮ್ ಕೋರ್ಟು ಹೇಳಿದ ಸಮಾಲೋಚಕರನ್ನು ಖಾಯಂ ಹುದ್ದೆಯಲ್ಲಿ, ಪೂರ್ತಿ ಪಗಾರದ ಮೇಲೆ ನೇಮಿಸಬೇಕು. ಅವರು ಹುಡುಗನ ಮಾತನ್ನು ಮನೆಗಾಗಲಿ ಪ್ರಾಚಾರ್ಯರಿಗಾಗಲಿ ಅವನ ಒಪ್ಪಿಗೆಯಿಲ್ಲದೆ ಒಯ್ಯಬಾರದು, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆ. ನಾಲ್ಕನೆಯದಾಗಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡ ತಿಂಗಳಿಗೊಮ್ಮೆಯಾದರೂ ದೊಡ್ಡ ಕಾಲೇಜುಗಳಿಗೆ ಬಂದು ಕೂಡಬೇಕು. ತರಗತಿ ಇರುವ ಮಂಗಳವಾರ ಆಸ್ಪತ್ರೆಗೆ ಬಾ ಎಂದು ಹುಡುಗರಿಗೆ ಹೇಳಿದರೆ ಯಾರು ಬರುತ್ತಾರೆ? ಐದನೆಯದಾಗಿ, ನಾಗಾವಿಯ ಬಳಿ 2016ರಿಂದ ಇರುವ ನಮ್ಮ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಮುಂದಾಗಬೇಕು. ಹಳ್ಳಿಯ ಅಭಿವೃದ್ಧಿಯನ್ನೇ ಹೆಸರಿನಲ್ಲಿಟ್ಟುಕೊಂಡ ವಿದ್ಯಾಪೀಠ ಹಳ್ಳಿಯಿಂದ ಬಂದ ಮಕ್ಕಳ ಮನಸ್ಸಿನ ಅಭ್ಯಾಸವನ್ನು ಮಾಡದಿದ್ದರೆ ಇನ್ನಾರು ಮಾಡಬೇಕು?

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ತಾಯಂದಿರೇ, ತಂದೆಗಳೇ, ರಜೆಗೆ ಊರಿಗೆ ಬಂದ ಮಗನನ್ನು ಅಂಕ ಕೇಳುವ ಮೊದಲು ಊಟ ಸರಿಯಾಗಿ ಸಿಗುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿರಿ. ನಮ್ಮ ಶಿಕ್ಷಕ ಬಂಧುಗಳೇ, ಕವಾಯ್ ದ್ವೀಪದ ಆ ‘ಯಾರೋ ಒಬ್ಬರು’ ನೀವಾಗಬಹುದು. ಅದಕ್ಕೆ ಸರಕಾರದ ಮಂಜೂರಾತಿ ಬೇಕಿಲ್ಲ. ವಿದ್ಯಾರ್ಥಿ ಗೆಳೆಯರೇ, ಸಂಗಡಿಗನು ಊಟ ಬಿಟ್ಟರೆ, ಮಾತು ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ನಗೆಯಾಡದೆ ಮಗ್ಗುಲಿಗೆ ಕೂಡಿರಿ, ನೇರವಾಗಿ ಕೇಳಿರಿ, ಒಬ್ಬನನ್ನೇ ಬಿಡಬೇಡಿರಿ, ವೈದ್ಯರ ಹತ್ತಿರ ಕರೆದೊಯ್ಯಿರಿ, 14416ಕ್ಕೆ ಕರೆ ಮಾಡಿರಿ. ನೀವೇ ಆ ಸ್ಥಿತಿಯಲ್ಲಿದ್ದರೆ ನಾಚಿಕೆಪಡದೆ ಕೇಳಿರಿ. ನಿಮ್ಮ ಬಾಲ್ಯದ ಹೊರೆ ನಿಮ್ಮ ಅಪರಾಧವಲ್ಲ. ನೆರವು ಕೇಳುವುದು ಭಿಕ್ಷೆಯಲ್ಲ, ನಿಮಗೆ ಸಲ್ಲಬೇಕಾದ ಪಾಲು.

ಈ ಪಾಲನ್ನು ಬರೆದ ಅರ್ಜಿ ಪ್ರತಿ ಕಾಲೇಜಿನಿಂದಲೂ ವಿದ್ಯಾರ್ಥಿಗಳ ಸಹಿಯೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಲಿ. ಹಾರ ಹಾಕಿಸಿಕೊಳ್ಳಲು ಬರುವ ಅತಿಥಿಗಳ ಕೈಯಲ್ಲಿಯೂ ಅದರ ಒಂದು ಪ್ರತಿಯನ್ನು ಇಡಿರಿ. ತಾಳಿಕೊಳ್ಳುವುದರ ಮೇಲೆ ಅವರು ಮಾತಾಡಬೇಕೆಂದಿದ್ದರೆ, ಬಾಕಿ ಕೊಡಿಸಿದ ಮೇಲೆ ಮಾತಾಡಲಿ.